ನೋವು ಹೋಯಿತು, ಗಂಟು ಹೋಗಿಲ್ಲ: ಬೀಜದ ಸೋಂಕಿನ ನಂತರದ ಭಯ

ಪ್ರಶ್ನೆ: ಸರ್, ನನಗೆ 29 ವರ್ಷ. ದಾವಣಗೆರೆಯಲ್ಲಿ ಫೈನಾನ್ಸ್ ಕಂಪನಿಯೊಂದರಲ್ಲಿ ಕಲೆಕ್ಷನ್ ಕೆಲಸ, ದಿನವಿಡೀ ಬೈಕ್ ಮೇಲೆಯೇ. ಐದು ವಾರದ ಹಿಂದೆ ಬಲಗಡೆಯ ಬೀಜದಲ್ಲಿ ಸಣ್ಣಗೆ ನೋವು ಶುರುವಾಯಿತು. ಬೈಕ್ ಓಡಿಸಿದ್ದಕ್ಕೆ ಇರಬೇಕು ಅಂದುಕೊಂಡೆ. ಎರಡು ದಿನದಲ್ಲಿ ಊದಿ ಕೆಂಪಾಯಿತು, ಚಳಿಜ್ವರ ಬಂತು, ಮೂತ್ರ ಮಾಡುವಾಗ ಉರಿ. ಅಮ್ಮ ಉಷ್ಣ ಅಂತ ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿಸಿದರು. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಮೂರು ದಿನದ ಮಾತ್ರೆ ತೆಗೆದುಕೊಂಡೆ, ಕಡಿಮೆಯಾಗಲಿಲ್ಲ. ಆಮೇಲೆ ಭಾವನ ಜೊತೆ ಸರ್ಜನ್ ಹತ್ತಿರ ಹೋದೆ. ಸ್ಕ್ಯಾನಿಂಗ್‌ನಲ್ಲಿ 'ಎಪಿಡಿಡೈಮೊ-ಆರ್ಕೈಟಿಸ್ (ಬೀಜ ಮತ್ತು ಅದರ ಹಿಂದಿನ ನಾಳದ ಬಾವು), ರಿಯಾಕ್ಟಿವ್ ಹೈಡ್ರೋಸಿಲ್' ಎಂದು ಬಂತು. ಲಿವೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ 10 ದಿನ ಕೊಟ್ಟರು. ಜ್ವರ ಹೋಯಿತು, ನೋವು ಮುಕ್ಕಾಲು ಪಾಲು ಹೋಯಿತು. ಆದರೆ ಬೀಜದ ಹಿಂದೆ, ಕೆಳಗಡೆ, ಕಡಲೆಕಾಳಿಗಿಂತ ದೊಡ್ಡದಾದ ಗಟ್ಟಿ ಗಂಟು ಹಾಗೇ ಇದೆ. ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತೇನೆ. ಇಂಟರ್‌ನೆಟ್ಟಿನಲ್ಲಿ ಓದಿದರೆ ಬರೀ ಕ್ಯಾನ್ಸರ್ ಅಂತಲೇ ಬರುತ್ತದೆ. ನಿದ್ದೆ ಇಲ್ಲ. ಇನ್ನು ಮೂರು ತಿಂಗಳಿಗೆ ಮದುವೆ. ಮಕ್ಕಳಾಗುತ್ತವಾ? ಕಾಲೇಜು ದಿನಗಳಿಂದ ಹಸ್ತಮೈಥುನದ ಅಭ್ಯಾಸ ಇದೆ, ಅದರಿಂದ ಹೀಗಾಯಿತಾ? ಇನ್ನೊಂದು ವಿಷಯ ಡಾಕ್ಟರಿಗೆ ಹೇಳಲಿಲ್ಲ, ಭಾವ ಪಕ್ಕದಲ್ಲೇ ಕೂತಿದ್ದರು. ನಾಲ್ಕು ತಿಂಗಳ ಹಿಂದೆ ಒಮ್ಮೆ ಒಬ್ಬರ ಜೊತೆ ಕಾಂಡೊಮ್ ಇಲ್ಲದೆ ಸಂಪರ್ಕ ಆಗಿತ್ತು. ಮದುವೆಯಾಗುವ ಹುಡುಗಿಗೆ ಇದನ್ನು ಹೇಳಬೇಕಾ? ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಗಂಟಿನ ವಿಷಯ ಅಲ್ಲ, ಕೊನೆಗೆ ಅಳುಕುತ್ತಾ ಬರೆದ ಆ ಎರಡು ಸಾಲು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ನಿದ್ದೆ ಕೆಡಿಸಿರುವ ಗಂಟಿನ ಬಗ್ಗೆ ಮಾತಾಡೋಣ.

ಪ್ರತಿ ಬೀಜದ ಹಿಂಬದಿಗೆ ಅಂಟಿಕೊಂಡು ಎಪಿಡಿಡೈಮಿಸ್ ಎಂಬ ಸುರುಳಿ ನಾಳ ಇರುತ್ತದೆ. ಬೀಜದಲ್ಲಿ ತಯಾರಾದ ವೀರ್ಯಾಣುಗಳು ಇದರೊಳಗೆ ಸಾಗುತ್ತಾ ಬಲಿಯುತ್ತವೆ. ನಾಲ್ಕೈದು ಸೆಂಟಿಮೀಟರ್ ಜಾಗದಲ್ಲಿ ಮುದುಡಿ ಕೂತಿರುವ ಈ ನಾಳವನ್ನು ಬಿಡಿಸಿ ಹಿಡಿದರೆ ಸುಮಾರು 6 ಮೀಟರ್ ಉದ್ದ. ಸೋಂಕು ತಗುಲಿದಾಗ ಊದುವುದು ಮೊದಲು ಇದೇ. ಕ್ರಿಮಿ ಮೂತ್ರನಾಳದಿಂದ ಹಿಮ್ಮುಖವಾಗಿ ವೀರ್ಯನಾಳದ ಮೂಲಕ ಇಳಿದು ಬರುತ್ತದೆ. ಹಾಗೆ ಬಂದಾಗ ಮೊದಲು ಸಿಗುವುದು ಎಪಿಡಿಡೈಮಿಸ್‌ನ ಬಾಲ, ಅಂದರೆ ಬೀಜದ ಹಿಂದೆ, ಕೆಳತುದಿ. ನೀವು ಗಂಟು ಇದೆ ಅಂದ ಜಾಗವೇ ಅದು.

ಒಳಗೆ ಕ್ರಿಮಿ ಸತ್ತ ಮರುದಿನವೇ ಬಾವು ಹೋಗುವುದಿಲ್ಲ. ಹೊಳೆ ಇಳಿದ ಮೇಲೂ ಗದ್ದೆಯಲ್ಲಿ ಕೆಸರು ಉಳಿಯುತ್ತದಲ್ಲ, ಹಾಗೆ. ಸರಿಯಾದ ಔಷಧಿ ಸಿಕ್ಕರೆ ಜ್ವರ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಚುಚ್ಚುವ ನೋವು ಒಂದೆರಡು ವಾರದಲ್ಲಿ ತಗ್ಗುತ್ತದೆ. ಆದರೆ ಬಾವು ಮತ್ತು ಗಟ್ಟಿತನ ಪೂರ್ತಿ ಕರಗಲು ಆರು ವಾರ ಬೇಕಾಗಬಹುದು, ಕೆಲವರಿಗೆ ಮೂರು ತಿಂಗಳೂ ಹಿಡಿಯುತ್ತದೆ. ಇದನ್ನು ಮಾತ್ರೆ ಬರೆದುಕೊಡುವಾಗ ಒಂದು ಮಾತು ಹೇಳಿಬಿಟ್ಟರೆ ರೋಗಿಯ ಅರ್ಧ ಭಯ ಅಲ್ಲೇ ಹೋಗುತ್ತದೆ. ನಮ್ಮ ಒಪಿಡಿಗಳ ಗದ್ದಲದಲ್ಲಿ ಅದನ್ನು ಹೇಳುವವರು ಕಡಿಮೆ. ಮಾತ್ರೆ ಮುಗಿಯಿತು, ಗಂಟು ಹಾಗೇ ಇದೆ, ಹಾಗಾದರೆ ಏನೋ ದೊಡ್ಡದೇ ಇರಬೇಕು ಎಂಬ ಲೆಕ್ಕಾಚಾರ ಶುರುವಾಗುವುದು ಈ ಮಧ್ಯದ ವಾರಗಳಲ್ಲೇ. ನೀವು ಈಗ ಅಲ್ಲೇ ಇದ್ದೀರಿ. ಹಾಗಾಗಿ 'ಗಂಟು ಇದೆಯಾ' ಅಂತ ಕೇಳಿಕೊಳ್ಳಬೇಡಿ. ಎರಡು ವಾರದ ಹಿಂದಿಗಿಂತ ಚಿಕ್ಕದಾಗಿದೆಯಾ, ನೋವು ಕಡಿಮೆಯಾಗಿದೆಯಾ ಅಂತ ಕೇಳಿಕೊಳ್ಳಿ. ಇಳಿಯುತ್ತಾ ಬಂದಿದ್ದರೆ ದಾರಿ ಸರಿಯಾಗಿದೆ ಎಂದರ್ಥ.

ಇನ್ನು ಕ್ಯಾನ್ಸರ್. ಬೀಜದ ಕ್ಯಾನ್ಸರ್ ಯುವಕರಿಗೆ ಬರುವ ಕಾಯಿಲೆಯೇ, ಆ ಮಾತು ನಿಜ. ಆದರೆ ಭಾರತದಲ್ಲಿ ಅದು ಅಪರೂಪ. ಯುರೋಪಿನ ಗಂಡಸರಲ್ಲಿ ಕಾಣುವುದಕ್ಕಿಂತ ಎಷ್ಟೋ ಕಡಿಮೆ. ನೀವು ಇಂಟರ್‌ನೆಟ್ಟಿನಲ್ಲಿ ಓದುವುದೆಲ್ಲ ಹೆಚ್ಚಾಗಿ ಅಲ್ಲಿನವರಿಗೆ ಬರೆದದ್ದು. ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋವಿಲ್ಲದೆ ಬರುತ್ತದೆ, ಬೀಜದ ಒಳಗೇ ಇರುತ್ತದೆ, ನಿಧಾನವಾಗಿ ದೊಡ್ಡದಾಗುತ್ತದೆ. ನಿಮ್ಮದು ಜ್ವರ, ಉರಿಮೂತ್ರ, ಕೆಂಪು, ನೋವು ಎಲ್ಲದರ ಜೊತೆ ಎರಡೇ ದಿನದಲ್ಲಿ ಬಂತು, ಬೀಜದ ಹಿಂದಿದೆ, ಔಷಧಿಗೆ ಬಗ್ಗಿದೆ. ಇಷ್ಟೆಲ್ಲ ಸೇರಿದರೆ ಸೋಂಕಿನ ಕಡೆಗೇ ಬೆರಳು ತೋರಿಸುತ್ತದೆ.

ಹಾಗಂತ ಒಂದು ಎಚ್ಚರಿಕೆ ಹೇಳದೆ ಬಿಡಲಾರೆ. ಕೆಲವು ಕ್ಯಾನ್ಸರ್‌ಗಳು ನೋವಿನಿಂದಲೇ ಶುರುವಾಗುತ್ತವೆ. ಊದಿಕೊಂಡ ಬೀಜದಲ್ಲಿ ಸಣ್ಣದೊಂದು ಗಡ್ಡೆ ಸ್ಕ್ಯಾನಿಗೆ ಸರಿಯಾಗಿ ಕಾಣದೇ ಇರಬಹುದು. ಅದಕ್ಕೇ ಬಾವು ಇಳಿದ ಮೇಲೆ, ಅಂದರೆ ಕಾಯಿಲೆ ಶುರುವಾದ ಆರರಿಂದ ಎಂಟು ವಾರಕ್ಕೆ, ಇನ್ನೊಮ್ಮೆ ಸ್ಕ್ಯಾನ್ ಮಾಡಿಸಬೇಕು. ಅದರಲ್ಲಿ ಬೀಜದೊಳಗೆ ಏನಾದರೂ ಅನುಮಾನ ಬಂದರೆ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಎಂಬ ಮೂರು ರಕ್ತ ಪರೀಕ್ಷೆಗಳಿವೆ. ಬೀಜದೊಳಗಿನ ಗಡ್ಡೆಗೆ ಚೀಲದ ಮೂಲಕ ಸೂಜಿ ಹಾಕಿ ಪರೀಕ್ಷೆ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಮೂತ್ರಾಂಗ ತಜ್ಞರನ್ನು ಕೇಳಿ. ಕ್ಯಾನ್ಸರ್ ಆಗಿದ್ದರೆ ಅದು ಸೂಜಿ ದಾರಿಯಲ್ಲಿ ಹರಡುವ ಸಾಧ್ಯತೆ ಇರುತ್ತದೆ. ಕೊನೆಗೆ ಕ್ಯಾನ್ಸರ್ ಅಂತಲೇ ಆದರೂ, ಬೇಗ ಸಿಕ್ಕ ಬೀಜದ ಕ್ಯಾನ್ಸರ್ 100ಕ್ಕೆ 95ಕ್ಕೂ ಹೆಚ್ಚು ಜನರಲ್ಲಿ ವಾಸಿಯಾಗುತ್ತದೆ.

ನಿಮ್ಮ ರಿಪೋರ್ಟಿನಲ್ಲಿರುವ 'ರಿಯಾಕ್ಟಿವ್ ಹೈಡ್ರೋಸಿಲ್' ಎಂಬ ಮಾತಿಗೆ ಹೆದರಬೇಡಿ. ಸೋಂಕಿನ ಕಿರಿಕಿರಿಗೆ ಬೀಜದ ಸುತ್ತ ಸ್ವಲ್ಪ ನೀರು ಕೂಡಿದೆ ಅಷ್ಟೇ, ಬಾವಿನ ಜೊತೆಗೇ ಹೋಗುತ್ತದೆ. 'ಇನ್‌ಕ್ರೀಸ್ಡ್ ವ್ಯಾಸ್ಕುಲಾರಿಟಿ' ಎಂದು ಬರೆದಿದ್ದರೆ ಅದು ಒಳ್ಳೆಯ ಸುದ್ದಿಯೇ. ಅಲ್ಲಿಗೆ ರಕ್ತ ಜಾಸ್ತಿ ಹರಿಯುತ್ತಿದೆ, ಸೋಂಕಿನಲ್ಲಿ ಹಾಗೇ ಆಗಬೇಕು.

ರಕ್ತ ಹರಿಯದೇ ಇದ್ದರೆ ಅದು ಬೇರೆಯೇ ಕಥೆ. ಇದು ನಿಮಗೆ ಬೇಕಿಲ್ಲ, ಆದರೆ ಹದಿಹರೆಯದ ಹುಡುಗರಿರುವ ಮನೆಯವರು ಓದುತ್ತಿದ್ದರೆ ಅವರಿಗೆ ಹೇಳಲೇಬೇಕು. ಬೀಜ ತನ್ನ ನಾಳದ ಮೇಲೆ ತಿರುಚಿಕೊಳ್ಳುವ ಟಾರ್ಷನ್ ಎಂಬ ತೊಂದರೆ ಇದೆ. ಹೆಚ್ಚಾಗಿ 12ರಿಂದ 18 ವರ್ಷದವರಲ್ಲಿ. ಮಲಗಿದ್ದ ಹುಡುಗ ನಡುರಾತ್ರಿ ಏಕಾಏಕಿ ನೋವು ಅಂತ ಏಳುತ್ತಾನೆ, ವಾಂತಿ ಮಾಡುತ್ತಾನೆ, ಒಂದು ಬೀಜ ಮೇಲಕ್ಕೆ ಏರಿದಂತೆ ಕಾಣುತ್ತದೆ. ಜ್ವರ, ಉರಿಮೂತ್ರ ಸಾಮಾನ್ಯವಾಗಿ ಇರುವುದಿಲ್ಲ. ಸುಮಾರು 6 ಗಂಟೆಯೊಳಗೆ ಆಪರೇಷನ್ ಮಾಡಿ ತಿರುಚು ಬಿಡಿಸಿದರೆ ಬೀಜ ಉಳಿಯುತ್ತದೆ. ಆಮೇಲೆ ಗಂಟೆ ಕಳೆದಂತೆಲ್ಲ ಉಳಿಯುವ ಸಾಧ್ಯತೆ ಕುಸಿಯುತ್ತದೆ. ಎಷ್ಟೋ ಹುಡುಗರು ಅಪ್ಪ ಅಮ್ಮನಿಗೆ ಹೇಳಲು ನಾಚಿ 'ಹೊಟ್ಟೆನೋವು' ಅನ್ನುತ್ತಾರೆ. ಹುಡುಗ ಕೆಳಹೊಟ್ಟೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದರೆ ಕೆಳಗೂ ನೋವಿದೆಯಾ ಎಂದು ಒಂದು ಮಾತು ಕೇಳಿ. ಬೆಳಗಾಗಲಿ, ಸ್ಕ್ಯಾನಿಂಗ್ ಸೆಂಟರ್ ತೆರೆಯಲಿ ಎಂದು ಕಾಯಬೇಡಿ. ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ನೇರ ಹೋಗಿ.

ನಿಮ್ಮ ವಿಷಯಕ್ಕೆ ವಾಪಸ್ ಬರುತ್ತೇನೆ. ಸೋಂಕು ಬಂದದ್ದು ಎಲ್ಲಿಂದ?

ಬೈಕ್‌ನಿಂದ ಅಲ್ಲ. ಬೈಕ್ ಸೀಟು ಇರುವ ನೋವನ್ನು ಹೆಚ್ಚಿಸಬಹುದು, ಚಳಿಜ್ವರ ಮತ್ತು ಉರಿಮೂತ್ರ ತರುವುದಿಲ್ಲ. ಉಷ್ಣದಿಂದಲೂ ಅಲ್ಲ. ಅಮ್ಮನ ಹರಳೆಣ್ಣೆಯಿಂದ ತೊಂದರೆ ಏನಿಲ್ಲ, ಮಜ್ಜಿಗೆ, ಎಳನೀರು ಕುಡಿದರೆ ಮೂತ್ರ ಚೆನ್ನಾಗಿ ಹೋಗುತ್ತದೆ, ಕುಡಿಯಿರಿ. ಅದನ್ನೇ ನಂಬಿಕೊಂಡು ಒಂದು ವಾರ ಕಳೆಯುವುದು ಮಾತ್ರ ಬೇಡ. ಸುಣ್ಣ, ಸೊಪ್ಪಿನ ಲೇಪ ಅಂತ ಬೀಜದ ಚೀಲಕ್ಕೆ ಹಚ್ಚಿ ಚರ್ಮ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ, ಅಲ್ಲಿನ ಚರ್ಮ ಬಹಳ ತೆಳು. ಬಿಸಿ ಶಾಖವೂ ಬೇಡ. ಊತ ಜೋರಾಗಿದ್ದಾಗ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಟ್ಟರೆ ಹಿತ. ಹಳಬರ ಒಂದು ಉಪಾಯವನ್ನು ಮಾತ್ರ ನಾನು ಇವತ್ತಿಗೂ ಒಪ್ಪುತ್ತೇನೆ: ಲಂಗೋಟಿ. ಬೀಜಕ್ಕೆ ಕೆಳಗಿನಿಂದ ಆಸರೆ ಸಿಕ್ಕರೆ ನೋವು ನಿಜವಾಗಿ ಕಡಿಮೆಯಾಗುತ್ತದೆ. ಗರಡಿಮನೆಯವರು ಕಟ್ಟುವಷ್ಟು ಬಿಗಿ ಬೇಡ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಪೋರ್ಟರ್ ಅಥವಾ ಒಳ್ಳೆಯ ಬ್ರೀಫ್ ಚಡ್ಡಿ ಸಾಕು.

ಹಸ್ತಮೈಥುನಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತ ಎಂಬ ಲೆಕ್ಕ ನಮ್ಮ ಕಡೆ ಇವತ್ತಿಗೂ ಓಡಾಡುತ್ತಿದೆ. ವೀರ್ಯ ತಯಾರಾಗುವುದು ರಕ್ತದಿಂದ ಅಲ್ಲ. ಅದರ ಹೆಚ್ಚು ಪಾಲು ಪ್ರಾಸ್ಟೇಟ್ ಮತ್ತು ವೀರ್ಯಕೋಶಗಳು ಸ್ರವಿಸುವ ದ್ರವ, ಹೋದಂತೆ ಮತ್ತೆ ತುಂಬಿಕೊಳ್ಳುತ್ತದೆ. ಸೋಂಕಿನ ನಂತರ ಕೆಲವು ವಾರ ಸ್ಖಲನದ ಹೊತ್ತಿಗೆ ನೋವು ಬರಬಹುದು, ವೀರ್ಯ ಕಂದು ಅಥವಾ ಕೆಂಪು ಬಣ್ಣಕ್ಕೆ ತಿರುಗಬಹುದು. ಮಾತ್ರೆ ಮುಗಿದು ತಿಂಗಳಾದ ಮೇಲೂ ಬಣ್ಣ ಹಾಗೇ ಇದ್ದರೆ ಡಾಕ್ಟರಿಗೆ ಹೇಳಿ, ಅದಕ್ಕೆ ಮೊದಲು ಗಾಬರಿ ಬೇಡ.

ಹಾಗಾದರೆ ನಿಜವಾದ ಕಾರಣ? ಇಲ್ಲಿ ವಯಸ್ಸು ಮುಖ್ಯವಾಗುತ್ತದೆ. 35 ದಾಟಿದವರಲ್ಲಿ ಹೆಚ್ಚಾಗಿ ಮೂತ್ರದ ಸೋಂಕಿನ ಕ್ರಿಮಿಗಳು, ಅದರಲ್ಲೂ ಇ. ಕೋಲೈ. ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ಪೂರ್ತಿ ಹೋಗದವರಲ್ಲಿ, ಕ್ಯಾಥೆಟರ್ ಹಾಕಿಸಿಕೊಂಡವರಲ್ಲಿ ಇದು ಸಾಮಾನ್ಯ. ನಿಮ್ಮ ವಯಸ್ಸಿನಲ್ಲಿ, ಲೈಂಗಿಕ ಸಂಪರ್ಕ ಆಗಿದ್ದರೆ, ಮೊದಲು ನೆನಪಾಗಬೇಕಾದದ್ದು ಕ್ಲಮೀಡಿಯಾ ಮತ್ತು ಗೊನೊರಿಯಾ ಎಂಬ ಲೈಂಗಿಕ ಸೋಂಕುಗಳು. ಕ್ಲಮೀಡಿಯಾ ಮಹಾ ಮೌನಿ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಏನೂ ತೋರಿಸದೆ ಇದ್ದು ಆಮೇಲೆ ಬೀಜಕ್ಕೆ ಇಳಿಯಬಹುದು. ಹಾಗಾಗಿ ನಾಲ್ಕು ತಿಂಗಳ ಹಿಂದಿನ ಆ ಸಂಪರ್ಕವನ್ನು ಲೆಕ್ಕದಿಂದ ಬಿಡುವಂತಿಲ್ಲ. ಅದೇ ಕಾರಣ ಎಂದೂ ನಾನು ಹೇಳುತ್ತಿಲ್ಲ. ಯಾವ ಸಂಪರ್ಕವೂ ಇಲ್ಲದ ಯುವಕರಿಗೂ ಇ. ಕೋಲೈ ಸೋಂಕು ಬರುತ್ತದೆ. ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ, ಅಷ್ಟೇ.

ನಿಮ್ಮ ಸರ್ಜನ್ ಕೊಟ್ಟ ಲಿವೊಫ್ಲಾಕ್ಸಾಸಿನ್, ಅವರಿಗೆ ನೀವು ಹೇಳಿದ ಕಥೆಗೆ ಸರಿಯಾದ ಔಷಧಿಯೇ. ಅದು ಕ್ಲಮೀಡಿಯಾ ಮೇಲೂ ಸಾಕಷ್ಟು ಕೆಲಸ ಮಾಡುತ್ತದೆ. ಆದರೆ ಗೊನೊರಿಯಾ ಈ ಗುಂಪಿನ ಔಷಧಿಗೆ ನಮ್ಮ ದೇಶದಲ್ಲಿ ಬಗ್ಗುವುದನ್ನು ಯಾವತ್ತೋ ಬಿಟ್ಟಿದೆ. ಇ. ಕೋಲೈ ಕೂಡ ಈಗ ಎಷ್ಟೋ ಜನರಲ್ಲಿ ಬಗ್ಗುವುದಿಲ್ಲ. ಅದಕ್ಕೇ ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ಮೂತ್ರದ ಕಲ್ಚರ್‌ಗೆ, ಅಂದರೆ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಗೆ, ಕೊಡಬೇಕು ಎಂದು ನಾವು ಗೋಗರೆಯುವುದು. ಮೆಡಿಕಲ್ ಶಾಪಿನ ಮೂರು ದಿನದ ಮಾತ್ರೆ ಕಾಯಿಲೆಯನ್ನೂ ವಾಸಿ ಮಾಡಲಿಲ್ಲ, ಮುಂದಿನ ಪರೀಕ್ಷೆಯನ್ನೂ ಹಾಳು ಮಾಡಿತು. ಅರ್ಧ ಸತ್ತ ಕ್ರಿಮಿ ಕಲ್ಚರ್‌ನಲ್ಲಿ ಬೆಳೆಯುವುದಿಲ್ಲ.

ನಮ್ಮ ದೇಶದಲ್ಲಿ ಇನ್ನೊಂದು ಕಾಯಿಲೆಯನ್ನು ಮರೆಯಬಾರದು, ಟಿಬಿ. ಟಿಬಿ ಅಂದ ಕೂಡಲೇ ಕೆಮ್ಮು ನೆನಪಾಗುತ್ತದೆ, ಆದರೆ ಅದು ಎಪಿಡಿಡೈಮಿಸ್‌ನಲ್ಲಿಯೂ ಕೂರುತ್ತದೆ. ಅಲ್ಲಿ ನೋವು ಕಡಿಮೆ, ಗಂಟು ಗಟ್ಟಿ, ಮುಟ್ಟಿದರೆ ಉಬ್ಬುತಗ್ಗು. ವೀರ್ಯನಾಳ ಮಣಿಸರದ ಹಾಗೆ ಕೈಗೆ ಸಿಗುತ್ತದೆ. ಕೆಲವರಿಗೆ ಚೀಲದ ಹಿಂಭಾಗ ಒಡೆದು ಕೀವು ಸೋರುತ್ತದೆ. ಮೂತ್ರದಲ್ಲಿ ಕೀವಿನ ಕಣಗಳು ಇರುತ್ತವೆ, ಆದರೆ ಸಾಮಾನ್ಯ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಇಲ್ಲೊಂದು ಸೂಕ್ಷ್ಮ ಇದೆ. ಲಿವೊಫ್ಲಾಕ್ಸಾಸಿನ್ ಟಿಬಿ ಕ್ರಿಮಿಯನ್ನೂ ಸ್ವಲ್ಪ ಹತ್ತಿಕ್ಕುತ್ತದೆ. ರೋಗಿಗೆ ಸ್ವಲ್ಪ ವಾಸಿ ಅನ್ನಿಸುತ್ತದೆ, ಟಿಬಿ ಒಳಗೇ ಉಳಿಯುತ್ತದೆ, ಪತ್ತೆಯಾಗುವುದು ತಡವಾಗುತ್ತದೆ. 'ಇನ್ನೊಂದು ಕೋರ್ಸ್ ಕೊಟ್ಟು ನೋಡೋಣ' ಎಂದು ಅದೇ ಮಾತ್ರೆಯನ್ನು ಮತ್ತೆ ಮತ್ತೆ ನುಂಗುವುದಕ್ಕೆ ನಾನು ವಿರುದ್ಧ ಇರುವುದು ಇದೇ ಕಾರಣಕ್ಕೆ. ನಿಮ್ಮದು ಏಕಾಏಕಿ ಜ್ವರದ ಜೊತೆ ಬಂದದ್ದರಿಂದ ಟಿಬಿ ಸಾಧ್ಯತೆ ಕಡಿಮೆ. ಆದರೆ ಮೂರು ತಿಂಗಳಾದರೂ ಗಂಟು ಕರಗದಿದ್ದರೆ ಎದೆಯ ಎಕ್ಸ್‌ರೇ ಮತ್ತು ಬೆಳಗಿನ ಮೊದಲ ಮೂತ್ರದ ಟಿಬಿ ಪರೀಕ್ಷೆ ಆಗಲೇಬೇಕು. ಟಿಬಿ ಅಂತ ಬಂದರೂ ಸರ್ಕಾರಿ ಆಸ್ಪತ್ರೆಯಲ್ಲಿ ಆರು ತಿಂಗಳ ಔಷಧಿ ಉಚಿತ, ವಾಸಿಯಾಗುತ್ತದೆ.

ಬೇರೆ ಓದುಗರಿಗಾಗಿ ಇನ್ನೂ ಮೂರು ಮಾತು. ಕುರಿ, ಮೇಕೆ, ದನ ಸಾಕುವವರಿಗೆ ಕಂದು ರೋಗದಿಂದ, ಅಂದರೆ ಬ್ರುಸೆಲ್ಲಾದಿಂದ ಬೀಜ ಊದಬಹುದು. ಕಂದು ಹಾಕಿದ, ಅಂದರೆ ಗರ್ಭಪಾತವಾದ ಹಸುವನ್ನು ಬರಿಗೈಯಲ್ಲಿ ಮುಟ್ಟಿದ್ದರೆ, ಕಾಯಿಸದ ಹಾಲು ಕುಡಿದಿದ್ದರೆ, ಬಿಟ್ಟು ಬಿಟ್ಟು ಜ್ವರ, ಬೆವರು, ಸೊಂಟನೋವು ಇದ್ದರೆ ಅದನ್ನು ಡಾಕ್ಟರಿಗೆ ಹೇಳಿ. ಅವರಾಗಿಯೇ ಕೇಳುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಮತ್ತು ಕರಾವಳಿಯವರು ಆನೆಕಾಲು ರೋಗದ ಹುಳವನ್ನೂ ನೆನಪಿಡಬೇಕು. ಮತ್ತೆ ಮತ್ತೆ ಜ್ವರ ಬಂದು ಬೀಜ ಊದುವುದು, ನೀರು ತುಂಬುವುದು ಅದರ ಲಕ್ಷಣ. ಮೂರನೆಯದು ಮಂಗನಬಾವು. ಮಕ್ಕಳಿಗೆ ಅದು ಕೆನ್ನೆಯಲ್ಲೇ ಮುಗಿಯುತ್ತದೆ. ಮೀಸೆ ಬಂದ ಮೇಲೆ ಬಂದರೆ, ನಾಲ್ಕೈದು ಜನರಲ್ಲಿ ಒಬ್ಬರಿಗೆ ಸುಮಾರು ಒಂದು ವಾರದೊಳಗೆ ಬೀಜಕ್ಕೂ ಇಳಿಯುತ್ತದೆ. ವೈರಸ್ ಆದ್ದರಿಂದ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ವಿಶ್ರಾಂತಿ, ನೋವಿನ ಮಾತ್ರೆ, ಆಸರೆ ಸಾಕು. ಬೀಜ ಸ್ವಲ್ಪ ಕುಗ್ಗಬಹುದು, ಆದರೆ ಹೆಚ್ಚಿನವರಿಗೆ ಒಂದೇ ಕಡೆ ಬರುವುದರಿಂದ ಮಕ್ಕಳಾಗದಿರುವುದು ಅಪರೂಪ.

ಈಗ ನೀವು ಏನು ಮಾಡಬಹುದು ಎಂದು ನೋಡೋಣ.

ಸುಮ್ನೆ ಕಾಯುವುದು ಒಂದು ದಾರಿ. ಗಂಟಿನ ಮಟ್ಟಿಗೆ ಅದರಲ್ಲಿ ತಪ್ಪೇನಿಲ್ಲ, ಅದು ಸಾಮಾನ್ಯವಾಗಿ ತಾನಾಗೇ ಕರಗುತ್ತದೆ. ಆದರೆ ಕ್ಲಮೀಡಿಯಾ ಅಥವಾ ಗೊನೊರಿಯಾ ಒಳಗೆ ಉಳಿದಿದ್ದರೆ ಮದುವೆಯಾದ ಮೇಲೆ ಹೆಂಡತಿಗೆ ದಾಟುತ್ತದೆ. ಹೆಂಗಸರಲ್ಲಿ ಕ್ಲಮೀಡಿಯಾ ಲಕ್ಷಣವೇ ಇಲ್ಲದೆ ಗರ್ಭನಾಳವನ್ನು ಹಾಳು ಮಾಡಬಲ್ಲದು. ನೀವು ಮಕ್ಕಳಾಗುತ್ತವಾ ಎಂದು ಕೇಳಿದಿರಲ್ಲ, ಆ ಪ್ರಶ್ನೆಗೆ ನಿಮ್ಮ ಗಂಟಿಗಿಂತ ದೊಡ್ಡ ಅಪಾಯ ಇದು.

ಹೇಗೂ ಇರಲಿ ಅಂತ ಇನ್ನೊಂದು ಸುತ್ತು ಆಂಟಿಬಯೋಟಿಕ್ ನುಂಗುವುದು ಇನ್ನೊಂದು ದಾರಿ. ಅದು ಬೇಡ. ಟಿಬಿ ಮಾತು ಆಗಲೇ ಹೇಳಿದೆ. ಲಿವೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳಿಂದ ಸ್ನಾಯುರಜ್ಜು, ಅದರಲ್ಲೂ ಹಿಮ್ಮಡಿಯ ಹಿಂದಿನದು, ನೋಯಬಹುದು, ಅಪರೂಪಕ್ಕೆ ಹರಿಯಲೂಬಹುದು. ಆಪರೇಷನ್ ಮಾಡಿ ಗಂಟು ತೆಗೆಸುವುದಂತೂ ಈಗ ಯೋಚಿಸಲೂ ಬೇಡಿ. ಎಪಿಡಿಡೈಮಿಸ್ ತೆಗೆದರೆ ಆ ಕಡೆಯ ವೀರ್ಯಾಣುಗಳ ದಾರಿಯೇ ಮುಚ್ಚಿಹೋಗುತ್ತದೆ. ಕೀವು ಗಡ್ಡೆಯಾದವರಿಗೆ, ವರ್ಷಗಟ್ಟಲೆ ನೋವು ಬಿಡದವರಿಗೆ ಮಾತ್ರ ಆ ಮಾತು.

ನನ್ನ ಸಲಹೆ, ಒಬ್ಬರೇ ಮತ್ತೆ ಡಾಕ್ಟರ ಹತ್ತಿರ ಹೋಗಿ. ಯಾರಾದರೂ ಜೊತೆಗೆ ಬಂದೇ ಬರುತ್ತೇನೆ ಅಂದರೆ ಬರಲಿ, ಒಳಗೆ ಹೋದ ಮೇಲೆ 'ಡಾಕ್ಟ್ರೇ, ಎರಡು ನಿಮಿಷ ಒಬ್ಬನೇ ಮಾತಾಡಬೇಕು' ಅನ್ನಿ. ಅಷ್ಟು ಹೇಳಿದರೆ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಈ ಮಾತು ನಮಗೆ ಹೊಸದಲ್ಲ, ದಿನಾ ಕೇಳುತ್ತೇವೆ. ಅದೇ ಡಾಕ್ಟರಿಗೆ ಹೇಳಲು ಮುಜುಗರವಾದರೆ ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಇದೆ. ಲೈಂಗಿಕ ಸೋಂಕುಗಳ ಪರೀಕ್ಷೆ, ಔಷಧಿ ಅಲ್ಲಿ ಉಚಿತ, ವಿಷಯ ಗುಟ್ಟಾಗಿ ಇಡುತ್ತಾರೆ. ಎಚ್‌ಐವಿ ಬಗ್ಗೆ ಏನಾದರೂ ಕೇಳಬೇಕಿದ್ದರೆ 1097ಕ್ಕೆ ಫೋನ್ ಮಾಡಬಹುದು.

ಮಾಡಿಸಬೇಕಾದ ಪರೀಕ್ಷೆಗಳು ಹೀಗಿವೆ. ಕ್ಲಮೀಡಿಯಾ ಮತ್ತು ಗೊನೊರಿಯಾಗೆ ಮೂತ್ರದ ಪಿಸಿಆರ್ ಮಾದರಿಯ ಪರೀಕ್ಷೆ, ಅಂದರೆ ಕ್ರಿಮಿಯ ವಂಶವಾಹಿಯನ್ನು ಹುಡುಕುವ ಪರೀಕ್ಷೆ. ಇದಕ್ಕೆ ಕನಿಷ್ಠ ಒಂದು ಗಂಟೆ ಮೂತ್ರ ಮಾಡದೆ ಇದ್ದು, ಶುರುವಿನ ಧಾರೆಯನ್ನೇ ಹಿಡಿದು ಕೊಡಬೇಕು. ಕಲ್ಚರ್‌ಗೆ ಇದರ ಉಲ್ಟಾ, ಶುರುವಿನದು ಬಿಟ್ಟು ನಡುವಿನದು. ಲ್ಯಾಬಿನವರು ಎಷ್ಟೋ ಸಲ ಎರಡಕ್ಕೂ ಒಂದೇ ಡಬ್ಬಿ ಕೊಟ್ಟು ಕಳಿಸುತ್ತಾರೆ, ನೀವೇ ಕೇಳಿಕೊಳ್ಳಿ. ಮಾತ್ರೆ ಮುಗಿದು ನಾಲ್ಕು ವಾರ ಆದ ಮೇಲೆ ಪಿಸಿಆರ್ ಮಾಡಿಸಿದರೆ ಒಳ್ಳೆಯದು. ಅದಕ್ಕೆ ಮೊದಲೇ ಮಾಡಿದರೆ ಸತ್ತ ಕ್ರಿಮಿಯ ಚೂರೂ ಪಾಸಿಟಿವ್ ತೋರಿಸಬಹುದು. ಜೊತೆಗೆ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ರಕ್ತ ಪರೀಕ್ಷೆ. ಸಂಪರ್ಕ ಆಗಿ ಮೂರು ತಿಂಗಳು ದಾಟಿದ್ದರಿಂದ ಈಗ ನೆಗೆಟಿವ್ ಬಂದರೆ ಆ ಒಂದು ಘಟನೆಯ ಮಟ್ಟಿಗೆ ನೆಗೆಟಿವ್ ಎಂದೇ ತಿಳಿಯಬಹುದು. ಸಕ್ಕರೆಯನ್ನೂ ನೋಡಿಸಿ. 29 ಅಂದರೆ ಚಿಕ್ಕ ವಯಸ್ಸು ಎನ್ನುವ ಕಾಲ ಹೋಯಿತು.

ನೀವು ವಿಷಯ ಹೇಳಿದ ಮೇಲೆ ಡಾಕ್ಟರು ಪರೀಕ್ಷೆಗೆ ಕಾಯದೆ ಒಂದು ಸೆಫ್‌ಟ್ರಿಯಾಕ್ಸೋನ್ ಇಂಜೆಕ್ಷನ್, 10 ದಿನ ಡಾಕ್ಸಿಸೈಕ್ಲಿನ್ ಕೊಡಬಹುದು. ಮೊದಲ ಸಲವೇ ವಿಷಯ ಗೊತ್ತಿದ್ದರೆ ನಾವು ಕೊಡುತ್ತಿದ್ದದ್ದೂ ಅದನ್ನೇ. ಸುಮ್ನೆ ಇನ್ನೊಂದು ಕೋರ್ಸ್ ನುಂಗುವುದು ಬೇರೆ, ಬಿಟ್ಟುಹೋದ ಕ್ರಿಮಿಗೆ ಗುರಿಯಿಟ್ಟು ಕೊಡುವುದು ಬೇರೆ. ಡಾಕ್ಸಿಸೈಕ್ಲಿನ್ ಅನ್ನು ದೊಡ್ಡ ಲೋಟ ನೀರಿನ ಜೊತೆ ತೆಗೆದುಕೊಂಡು ಅರ್ಧ ಗಂಟೆ ಮಲಗಬಾರದು. ಇಲ್ಲದಿದ್ದರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ. ಹಾಲಿನ ಜೊತೆ, ಆಂಟಾಸಿಡ್ ಜೊತೆ ಬೇಡ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಬೈಕ್ ಕೆಲಸದವರಾದ್ದರಿಂದ ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಸೋಂಕು ಹೋಗಿದೆ ಎಂದು ಖಚಿತವಾಗುವವರೆಗೆ ಯಾರ ಜೊತೆಗೂ ಸಂಪರ್ಕ ಬೇಡ. ಪರೀಕ್ಷೆ ಪಾಸಿಟಿವ್ ಬಂದರೆ ಆ ಇನ್ನೊಬ್ಬರಿಗೂ ವಿಷಯ ತಿಳಿಸಬೇಕು, ಅವರಿಗೂ ಚಿಕಿತ್ಸೆ ಆಗಬೇಕು.

ಹುಡುಗಿಗೆ ಹೇಳಬೇಕಾ ಎಂದು ಕೇಳಿದ್ದೀರಿ. ಡಾಕ್ಟರಾಗಿ ನಾನು ಹೇಳಬಹುದಾದದ್ದು ಇಷ್ಟು. ಪರೀಕ್ಷೆಗಳೆಲ್ಲ ನೆಗೆಟಿವ್ ಬಂದರೆ, ಅಥವಾ ಚಿಕಿತ್ಸೆಯಿಂದ ಸೋಂಕು ಹೋಗಿದ್ದರೆ, ಅವರಿಗೆ ದಾಟುವಂಥದ್ದು ನಿಮ್ಮಲ್ಲಿ ಏನೂ ಇಲ್ಲ. ಹಳೆಯ ವಿಷಯ ಎಷ್ಟು ಹೇಳಬೇಕು ಎನ್ನುವುದು ನಿಮ್ಮಿಬ್ಬರ ಸಂಬಂಧಕ್ಕೆ ಬಿಟ್ಟದ್ದು. ಆದರೆ ಎಚ್‌ಐವಿ, ಹೆಪಟೈಟಿಸ್ ಬಿ ಅಂಥದ್ದು ಪಾಸಿಟಿವ್ ಬಂದರೆ ಮುಚ್ಚಿಟ್ಟು ಮದುವೆಯಾಗುವಂತಿಲ್ಲ. ಈಗಾಗಲೇ ಅವರ ಜೊತೆ ಸಂಪರ್ಕ ಆಗಿದೆಯಾ ಎಂದು ನೀವು ಬರೆದಿಲ್ಲ. ಆಗಿದ್ದರೆ ಅವರಿಗೂ ಪರೀಕ್ಷೆ ಬೇಕು, ಅದನ್ನು ಮುಂದೂಡಬೇಡಿ. ಪರೀಕ್ಷೆಗೆ ಮೂರು ತಿಂಗಳು ಧಾರಾಳ ಸಮಯ. ಮದುವೆ ದಿನಾಂಕ ಮುಂದಕ್ಕೆ ಹಾಕುವ ಕಾರಣ ನನಗೆ ಈಗ ಕಾಣುತ್ತಿಲ್ಲ.

ಮಕ್ಕಳ ವಿಷಯ. ಒಂದೇ ಕಡೆ ಸೋಂಕಾಗಿದೆ, ಎಡಗಡೆಯದು ಚೆನ್ನಾಗಿದೆ. ಸಾಮಾನ್ಯವಾಗಿ ಒಂದೇ ಸಾಕು. ಈಗಲೇ ಓಡಿಹೋಗಿ ವೀರ್ಯ ಪರೀಕ್ಷೆ ಮಾಡಿಸಬೇಡಿ, ಕಡಿಮೆ ಬರಬಹುದು, ಇನ್ನಷ್ಟು ನಿದ್ದೆ ಹೋಗುತ್ತದೆ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಆಮೇಲೆ ಎಪಿಡಿಡೈಮಿಸ್ ದಾಟಲು ಇನ್ನೊಂದೆರಡು ವಾರ. ಜೋರು ಜ್ವರ ಬಂದಾಗ ತಯಾರಾಗುತ್ತಿದ್ದ ತಂಡ ಹಾಳಾಗಿರುತ್ತದೆ. ಹೊಸ ತಂಡ ಬರಲು ಮೂರು ತಿಂಗಳು ಬಿಡಬೇಕು. ಆಗ ಬೇಕಿದ್ದರೆ ಎರಡರಿಂದ ಏಳು ದಿನ ಸ್ಖಲನ ಇಲ್ಲದೆ ಇದ್ದು ಪರೀಕ್ಷೆಗೆ ಕೊಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು ಎಂಬ ಕೆಳಮಿತಿ ಕೊಟ್ಟಿದೆ. ಅದು ಪರೀಕ್ಷೆಯ ಪಾಸ್ ಮಾರ್ಕ್ ಅಲ್ಲ. ಅದಕ್ಕಿಂತ ಕಡಿಮೆ ಇದ್ದವರಿಗೂ ಮಕ್ಕಳಾಗುತ್ತವೆ. ಒಂದು ರಿಪೋರ್ಟ್ ನೋಡಿ ತೀರ್ಮಾನ ಮಾಡುವುದೂ ಇಲ್ಲ.

ದಿನಕ್ಕೆ ಹತ್ತು ಸಲ ಮುಟ್ಟುವ ಅಭ್ಯಾಸವನ್ನು ಇವತ್ತೇ ನಿಲ್ಲಿಸಿ. ಬಾವಿರುವ ಎಪಿಡಿಡೈಮಿಸ್ ಅನ್ನು ಹಿಸುಕಿದರೆ ನೋಯುತ್ತದೆ. ನೋವು ಬಂದದ್ದಕ್ಕೆ ಭಯ, ಭಯಕ್ಕೆ ಮತ್ತೆ ಮುಟ್ಟುವುದು. ಆಂಟಿಬಯೋಟಿಕ್‌ಗೆ ಬಗ್ಗದ ನೋವು ಅಂತ ಬರುವವರಲ್ಲಿ ಕೆಲವರ ನೋವು ಹೀಗೆ ಕೈಯಿಂದಲೇ ಬಂದದ್ದು. ವಾರಕ್ಕೊಮ್ಮೆ, ಒಂದು ದಿನ ಗೊತ್ತು ಮಾಡಿಕೊಂಡು, ಬಿಸಿನೀರಿನ ಸ್ನಾನ ಆದ ಮೇಲೆ ಮೆಲ್ಲಗೆ ನೋಡಿ. ಎಡಗಡೆಯದನ್ನೂ ನೋಡಿ. ಅಲ್ಲೂ ಹಿಂದೆ ಮೆತ್ತಗಿನ ಉಬ್ಬೊಂದು ಸಿಗುತ್ತದೆ, ಅದು ಹುಟ್ಟಿನಿಂದ ಇರುವ ಎಪಿಡಿಡೈಮಿಸ್. ಹೋಲಿಸಿ ನೋಡಿದರೆ ಬಲಗಡೆ ಎಷ್ಟು ಬಾವು ಉಳಿದಿದೆ ಎಂದು ನಿಮಗೇ ತಿಳಿಯುತ್ತದೆ. ಎರಡನೇ ಸ್ಕ್ಯಾನ್ ಚೆನ್ನಾಗಿ ಬಂದ ಮೇಲೆ ತಿಂಗಳಿಗೊಮ್ಮೆ ಸಾಕು. ಪರೀಕ್ಷೆಗಳೆಲ್ಲ ಸರಿಯಾಗಿ ಬಂದ ಮೇಲೂ ಯೋಚನೆ ಬಿಡದಿದ್ದರೆ, ನಿದ್ದೆ ಬಾರದಿದ್ದರೆ, ಟೆಲಿಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಲೇಬೇಕು ಅಂತಿಲ್ಲ. ಕಾಯಿಲೆಯ ಭಯಕ್ಕೂ ಚಿಕಿತ್ಸೆ ಇದೆ. ಹಾಗೆ ಹೇಳಿದ ಮಾತ್ರಕ್ಕೆ ನಿಮ್ಮ ನೋವು ಬರೀ ಮನಸ್ಸಿನದು ಅಂತ ಯಾರೂ ಅನ್ನುತ್ತಿಲ್ಲ.

ಬೈಕ್ ಓಡಿಸಬಹುದು, ಆಸರೆಯ ಒಳಚಡ್ಡಿ ಹಾಕಿಕೊಂಡು, ಗುಂಡಿಗಳನ್ನು ನೋಡಿಕೊಂಡು. ಜಿಮ್‌ಗೆ ಹೋಗುವವರಾದರೆ ಪೂರ್ತಿ ನೋವು ಹೋಗುವವರೆಗೆ ಭಾರ ಎತ್ತಬೇಡಿ. ಮೂತ್ರ ಕಟ್ಟಿಕೊಂಡು ಕೂರಬೇಡಿ, ಕಲೆಕ್ಷನ್ ಕೆಲಸದಲ್ಲಿ ಇದು ಕಷ್ಟ ಎಂದು ಗೊತ್ತು.

ಆದರೆ ಮತ್ತೆ ಜ್ವರ ಬಂದರೆ, ಇಳಿದ ಬಾವು ಪುನಃ ಏರಿದರೆ, ಚರ್ಮ ಕೆಂಪಾಗಿ ಮೆತ್ತಗಾಗಿ ಕೀವು ಕಟ್ಟಿದಂತೆ ಅನ್ನಿಸಿದರೆ ಎರಡನೇ ಸ್ಕ್ಯಾನಿನ ದಿನಕ್ಕೆ ಕಾಯಬೇಡಿ, ಅವತ್ತೇ ಹೋಗಿ. ಚರ್ಮ ಕಪ್ಪಾಗಿ ಕೆಟ್ಟ ವಾಸನೆ ಬಂದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ, ಗಂಟೆಗಳ ಲೆಕ್ಕದಲ್ಲಿ ಪ್ರಾಣಕ್ಕೇ ಅಪಾಯ. ರಾತ್ರಿಯಾದರೂ ಸರಿ, ದೊಡ್ಡಾಸ್ಪತ್ರೆಗೆ ಹೋಗಬೇಕು. ಇದ್ಯಾವುದೂ ಇಲ್ಲದಿದ್ದರೆ ಇನ್ನು ಎರಡು ಮೂರು ವಾರಕ್ಕೆ ಸ್ಕ್ಯಾನ್ ಮಾಡಿಸಿ. ಸಾಧ್ಯವಾದರೆ ಮೊದಲಿನ ಸೆಂಟರ್‌ನಲ್ಲೇ ಮಾಡಿಸಿ, ಹಳೆಯ ಫಿಲ್ಮ್ ಮತ್ತು ರಿಪೋರ್ಟ್ ಮರೆಯದೆ ಒಯ್ಯಿರಿ. ನುಂಗಿದ ಎಲ್ಲ ಮಾತ್ರೆಗಳ ಹೆಸರು, ಮೆಡಿಕಲ್ ಶಾಪಿನದ್ದೂ ಸೇರಿ, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಾತ್ರೆಯ ಖಾಲಿ ಸ್ಟ್ರಿಪ್ ಇದ್ದರೆ ಅದನ್ನೇ ಜೇಬಿಗೆ ಹಾಕಿಕೊಳ್ಳಿ.